ಉಸಿರು ಹಿಡಿ ಎಂದಿದ್ದ ಸ್ಟುಡಿಯೋ ಕಾಕಾ

ಕಳೆದ ರಜೆಯಲ್ಲಿ ಅಂಡಮಾನಿನ ಹವಳದ ದಿಬ್ಬಗಳ ಬಳಿ ಡೈವಿಂಗ್ ಮುಗಿಸಿ ಮೇಲೆ ಬರುವಾಗ ಒಂದು ಜೆಲ್ಲಿ ಮೀನು ನನ್ನ ಮುಂಗೈ ಸವರಿತು. ಉರಿ ತಡೆಯಲಾಗಲಿಲ್ಲ. ದೋಣಿಯವನು ಬಾಟಲಿ ತೆಗೆದು ಕೈಮೇಲೆ ವಿನೆಗರ್ ಸುರಿದ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬೈಲಹೊಂಗಲದಲ್ಲಿದ್ದೆ. ಸ್ಟುಡಿಯೋ ಕಾಕಾ ಅವರ ಕತ್ತಲೆಕೋಣೆಯಲ್ಲಿ, ಫೋಟೋ ತೊಳೆಯುವ ತಟ್ಟೆಯಿಂದ ಏಳುತ್ತಿದ್ದದ್ದು ಇದೇ ವಾಸನೆ...

ಕಾಲೇಜು ಮುಗಿಸಿದ ಮೇಲೆ ಅವರ ಬಳಿ ಫೋಟೋ ತೆಗೆಯುವುದು ಕಲಿತೆ. ರೀಲಿನ ಕಾಲ ಅದು. "ಉಸುರ ಹಿಡಿ ತಂಗಿ, ಆಮ್ಯಾಲ ಬಟನ್ ಒತ್ತು. ಕೈ ಅಳ್ಳಾಡಿದ್ರ ಎಲ್ಲಾ ಮಬ್ಬ ಆಗತೈತಿ" ಎನ್ನುತ್ತಿದ್ದರು. ನಾನು ಎಷ್ಟೇ ಚೆನ್ನಾಗಿ ತೆಗೆದರೂ ಪ್ರಿಂಟನ್ನು ಬೆಳಕಿಗೆ ಹಿಡಿದು ಒಂದು ತಪ್ಪು ಹುಡುಕದೆ ಬಿಡುತ್ತಿರಲಿಲ್ಲ. ಮದುಮಗಳ ಕಣ್ಣು ಶಾರ್ಪ್ ಇಲ್ಲ, ಬೀಗರ ರುಮಾಲು ಫೋಟೋದ ಅಂಚಿನಲ್ಲಿ ಅರ್ಧ ಕತ್ತರಿಸಿಹೋಗಿದೆ... ನನಗೂ ಹಟ. ಈ ಮನುಷ್ಯನ ಬಾಯಿಂದ ಒಮ್ಮೆಯಾದರೂ ಮೆಚ್ಚುಗೆ ಕೇಳಲೇಬೇಕು ಎಂದುಕೊಂಡೆ. ಎರಡು ವರ್ಷ ಕಾದರೂ ಕೇಳಲಿಲ್ಲ. ಆಮೇಲೆ ಕಿತ್ತೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಸ್ಟುಡಿಯೋ ಬಿಟ್ಟೆ, ಹಟ ಬಿಡಲಿಲ್ಲ.

ಮಲಪ್ರಭೆಯ ನೀರಷ್ಟೇ ಕಂಡಿದ್ದ ನಾನು ನಲವತ್ತು ದಾಟಿದ ಮೇಲೆ ಡೈವಿಂಗ್ ಕಲಿಯಲು ಹೊರಟಾಗ ಮನೆಯವರು ತಲೆ ಕೆಟ್ಟಿದೆಯೇ ಎಂದರು. ನೀರಿನಡಿ ಮೊದಲ ಸಲ ಕ್ಯಾಮೆರಾ ಹಿಡಿದಾಗ ಹಳೆಯ ಚಾಳಿ, ಉಸಿರು ಬಿಗಿಹಿಡಿದೆ. ನನಗೆ ಗೊತ್ತಿಲ್ಲದೆಯೇ ಮೇಲೇಳತೊಡಗಿದ್ದೆ. ತರಬೇತುದಾರ ಬಂದು ಕಾಲು ಹಿಡಿದು ಎಳೆದ. ದೋಣಿ ಹತ್ತಿದ ಮೇಲೆ ಚೆನ್ನಾಗಿ ಬೈದ. ಹಾಗೆ ಉಸಿರು ಹಿಡಿದು ಮೇಲೇರಿದರೆ ಶ್ವಾಸಕೋಶವೇ ಹರಿಯಬಹುದಂತೆ. ಕಾಕಾ ಕಲಿಸಿದ ಮೊದಲ ಪಾಠ ಮರೆಯಲು ನನಗೆ ಹತ್ತಾರು ಡೈವ್ ಬೇಕಾದವು.

ಕೊನೆಗೊಂದು ಫೋಟೋ ಬಂತು. ಹವಳದ ಮಗ್ಗುಲಲ್ಲಿ ಕಿತ್ತಳೆ ಬಣ್ಣದ ಗಂಡು ಮೀನೊಂದು ತಾನು ಕಾಯುತ್ತಿದ್ದ ಮೊಟ್ಟೆಗಳಿಗೆ ರೆಕ್ಕೆಯಿಂದ ನೀರು ಬೀಸುತ್ತಿರುವುದು. ದೊಡ್ಡ ಪ್ರಿಂಟ್ ಹಾಕಿಸಿಕೊಂಡು ಬೈಲಹೊಂಗಲಕ್ಕೆ ಓಡಿದೆ. ಸ್ಟುಡಿಯೋ ಮುಚ್ಚಿತ್ತು. ಮನೆಯಲ್ಲಿ ಕಾಕಾ ಗೋಡೆಗೆ ಒರಗಿ ಕುಳಿತಿದ್ದರು. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ಕಸಿದುಕೊಂಡಿತ್ತು. ಇಷ್ಟು ಹತ್ತಿರದ ಊರಿನಲ್ಲಿದ್ದೂ ನನಗದು ಗೊತ್ತಿರಲಿಲ್ಲ. ನಾಚುತ್ತಲೇ, ಒಂದು ಫೋಟೋ ತಂದಿದ್ದೇನೆ ಎಂದೆ.

"ಏನೈತಿ ಇದರಾಗ, ಹೇಳು" ಎಂದು ಕೈಚಾಚಿದರು.

ಮೀನು, ಮೊಟ್ಟೆ, ಮೇಲಿನಿಂದ ಇಳಿಯುವ ಬೆಳಕು, ಎಲ್ಲ ಹೇಳಿದೆ. "ಅಲ್ಲಿ ಉಸುರ ಹಿಡದ್ರ ಜೀವಾನ ಹೋಗತೈತ್ರಿ ಕಾಕಾ" ಎಂದೂ ಹೇಳಿದೆ.

"ಹಂಗಾರ ನನ್ನ ಪಾಠ ನಿನ್ನ ಜೀವಾ ತಗೀತಿತ್ತಲ್ಲ!" ಎಂದು ಬಾಯ್ತುಂಬ ನಕ್ಕರು. ಆಮೇಲೆ ಪ್ರಿಂಟನ್ನು ಬೆರಳಿನಿಂದ ಅಂಚಿನಿಂದ ಅಂಚಿಗೆ ಸವರಿ, "ಭಾಳ ಚಲೋ ಬಂದೈತಿ ತಂಗಿ" ಎಂದರು.

ಮರುವರ್ಷ ಅವರು ತೀರಿಕೊಂಡರು. ಆ ಫೋಟೋ ಈಗ ನನ್ನ ಮನೆಯ ಪಡಸಾಲೆಯಲ್ಲಿದೆ. ಬಂದವರೆಲ್ಲ ಹೊಗಳುತ್ತಾರೆ, ನಾನೂ ಹೂಂಗುಡುತ್ತೇನೆ. ಅವತ್ತು ಕಾಕಾಗೆ ಕಣ್ಣು ಕಂಡಿದ್ದರೆ ಇದರಲ್ಲೂ ಒಂದು ತಪ್ಪು ಹುಡುಕುತ್ತಿದ್ದರು... ಅದು ಯಾವುದೆಂದು ಎಷ್ಟು ನೋಡಿದರೂ ನನಗೆ ಸಿಗುತ್ತಿಲ್ಲ.