ಸಾರಾ ಆಯಿ ಹೋಗದ ಊರು

ಒಣದ್ರಾಕ್ಷಿಗೆ ವಾಸನೆ ಇರುವುದಿಲ್ಲ ಎನ್ನುತ್ತಾನೆ ನನ್ನ ಗಂಡ. ಇರಬಹುದು. ಆದರೆ ಕಳೆದ ತಿಂಗಳು ಇಲ್ಲಿ ಮೆಲ್ಬರ್ನಿನ ಕ್ರೇಗಿಬರ್ನ್ ಬಡಾವಣೆಯ ಇಂಡಿಯನ್ ಅಂಗಡಿಯಲ್ಲಿ ಕಪ್ಪು ಒಣದ್ರಾಕ್ಷಿಯ ಪೊಟ್ಟಣವೊಂದು ಒಡೆದು ನೆಲಕ್ಕೆ ಚೆಲ್ಲಿತು. ಯಾರೋ ನೋಡದೆ ಅದರ ಮೇಲೆ ಟ್ರಾಲಿ ಓಡಿಸಿದರು. ಜಜ್ಜಿಹೋದ ಹಣ್ಣುಗಳಿಂದ ಪೂರಾ ಸಿಹಿಯೂ ಅಲ್ಲದ, ಹುಳಿಯೂ ಅಲ್ಲದ ಒಂದು ಘಮ ಎದ್ದು ನನ್ನನ್ನು ಅಲ್ಲೇ ನಿಲ್ಲಿಸಿತು. ಆ ಘಮಕ್ಕೆ ಒಂದು ಅಡುಗೆಮನೆಯಿತ್ತು: ಸಿಡ್ನಿಯ ಪ್ಯಾರಮಟ್ಟಾದಲ್ಲಿ ಕೆಂಪು ಇಟ್ಟಿಗೆಯ ಎರಡಂತಸ್ತಿನ ಕಟ್ಟಡ, ನಮ್ಮ ಮನೆಯ ಎದುರು ಬಾಗಿಲು, ಒಲೆಯ ಪಕ್ಕ ಸ್ಟೂಲಿನ ಮೇಲೆ ಕೂತ ಸಾರಾ ಆಯಿ. ಬೆಳಿಗ್ಗೆ ನೆನೆಹಾಕಿದ ದ್ರಾಕ್ಷಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಎರಡೂ ಕೈಯಿಂದ ಹಿಂಡಿ, ಶುಕ್ರವಾರದ ಸಂಜೆಯ ಪ್ರಾರ್ಥನೆಗೆ ಶರಬತ್ತು ಇಳಿಸುತ್ತಿದ್ದಳು. ಬೇರೆ ಯೆಹೂದಿಗಳ ಮನೆಯಲ್ಲಿ ಅದಕ್ಕೆ ವೈನ್ ಬೇಕು. ಬೆಳಗಾವಿಯಿಂದ ಬಂದ ಈ ಮನೆಯಲ್ಲಿ ದ್ರಾಕ್ಷಿ ಶರಬತ್ತು ಸಾಕಿತ್ತು. ಅದು ಶುಕ್ರವಾರವೇ ಆಗಿರಬೇಕು. ಆದರೆ ನನ್ನ ನೆನಪಿನಲ್ಲಿ ವಾರದ ಐದೂ ದಿನ ಶುಕ್ರವಾರವೇ, ಐದೂ ದಿನ ಆಯಿಯ ಕೈ ಕಪ್ಪಗೆ ತೊಯ್ದಿರುತ್ತದೆ. ಇಂಥ ನೆನಪನ್ನು ನಂಬಿ ಏನನ್ನಾದರೂ ಬರೆಯಬಹುದೇ ಎಂಬ ಅನುಮಾನವನ್ನು ಮೊದಲೇ ಹೇಳಿಬಿಡುತ್ತೇನೆ.

ಸಾರಾ ಆಯಿ ನನ್ನ ಅಜ್ಜಿಯಲ್ಲ, ನನ್ನ ಗೆಳತಿ ಲೀಯಾಳ ಅಜ್ಜಿ. ಲೀಯಾಳ ಅಪ್ಪ ಸೊಲೊಮನ್ ಅಂಕಲ್ ಸಿಡ್ನಿಯಲ್ಲಿ ರೈಲಿನ ಸಿಗ್ನಲ್ ರಿಪೇರಿಯ ಕೆಲಸದಲ್ಲಿದ್ದರು. ಆಯಿಯ ಗಂಡನೂ ಒಂದು ಕಾಲದಲ್ಲಿ ನಮ್ಮ ಕಡೆಯ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ತಮ್ಮತಮ್ಮಲ್ಲಿ ಮರಾಠಿ, ನಮ್ಮೊಡನೆ ಬೆಳಗಾವಿಯ ಕನ್ನಡ, ದೇವರೊಡನೆ ಹೀಬ್ರೂ. ನನ್ನ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ಶಾಲೆ ಬಿಟ್ಟ ಮೇಲೆ ನಾನು ಆಯಿಯ ಪಾಲು. ನನ್ನ ಸ್ವಂತ ಅಜ್ಜಿಯರಿಬ್ಬರೂ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ತಲೆ ಬಾಚಿಸಿಕೊಳ್ಳುವುದು, ಮಡಿಲಲ್ಲಿ ನಿದ್ದೆ ಹೋಗುವುದು, ಕಾರಣವಿಲ್ಲದೆ ಬೈಸಿಕೊಳ್ಳುವುದು ಎಲ್ಲ ಆ ಒಬ್ಬಳಿಂದಲೇ. ಒಳಗೆ ಹೋಗುವಾಗ ಅವರು ಬಾಗಿಲ ಚೌಕಟ್ಟಿಗೆ ಓರೆಯಾಗಿ ಹೊಡೆದಿದ್ದ, ಒಳಗೆ ದೇವರ ವಚನದ ಸುರುಳಿಯಿದ್ದ ಬೆರಳುದ್ದದ ಡಬ್ಬಿಯನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರು. ನಾನೂ ಇಡುತ್ತಿದ್ದೆ. ಲೀಯಾಗೆ ಅದು ಸಹಿಸುತ್ತಿರಲಿಲ್ಲ. "ಯೂ ಡೋಂಟ್ ಹ್ಯಾವ್ ಟು ಡೂ ದಟ್," ಎನ್ನುತ್ತಿದ್ದಳು. ಇನ್ನೊಮ್ಮೆ ನಾನು ಆಯಿಯ ತೊಡೆಯ ಮೇಲೆ ತಲೆಯಿಟ್ಟಾಗ, "ಶೀ ಈಸ್ ಮೈ ಆಯಿ, ಓಕೆ? ನೀನು ಫೈವ್ ಥರ್ಟಿ ತನಕ ಅಷ್ಟೇ," ಎಂದಳು. ಆಯಿ ಅವಳ ಜಡೆ ಎಳೆದು, "ಆಯಿ ಅಂದ್ರ ಏನ ಲೈಬ್ರರಿ ಬುಕ್ಕೇನವಾ, ಟೈಮ್ ಹಾಕಿ ಕೊಡಾಕ?" ಎಂದು ನಕ್ಕಳು. ನಾನು ನಗಲಿಲ್ಲ. ಐದೂವರೆ ಎಂಬುದು ನಿಜವಾಗಿತ್ತು. ಐದೂವರೆಗೆ ಅಮ್ಮ ಬಾಗಿಲು ಬಡಿಯುತ್ತಿದ್ದಳು, ಆಯಿ ಮತ್ತೆ ಪೂರ್ತಿಯಾಗಿ ಲೀಯಾಳವಳಾಗುತ್ತಿದ್ದಳು. ಒಂಬತ್ತು ವರ್ಷದ ಹುಡುಗಿಗೆ ಹೊಟ್ಟೆಕಿಚ್ಚು ಎಂಬ ಪದ ಗೊತ್ತಿರಲಿಲ್ಲ. ಹೊಟ್ಟೆಯಲ್ಲಿ ಏನೋ ಕುದಿಯುತ್ತದೆ ಎಂಬುದು ಗೊತ್ತಿತ್ತು.

ನನಗೆ ಹತ್ತು ತುಂಬಿದ ವರ್ಷ, ಅಂದರೆ ಎರಡು ಸಾವಿರದ ನಾಲ್ಕು ಇರಬೇಕು, ಅವರು ಇಸ್ರೇಲಿಗೆ ಹೋಗಿ ನೆಲೆಸುವುದೆಂದು ತೀರ್ಮಾನಿಸಿದರು. ಸೊಲೊಮನ್ ಅಂಕಲ್ ಕೊಟ್ಟ ಕಾರಣ ಬೇರೆ: ಸಿಡ್ನಿಯ ಪೂರ್ವದ ಕಡೆಯ ಯೆಹೂದಿ ಪ್ರಾರ್ಥನಾಮಂದಿರದಲ್ಲಿ, "ನೀವು ಯಾವಾಗ ಮತಾಂತರ ಆಗಿದ್ದು?" ಎಂದು ಯಾರೋ ಒಬ್ಬರು ಪ್ರೀತಿಯಿಂದಲೇ ಕೇಳಿದ್ದರಂತೆ, ಮೂರನೆಯ ಸಲ. ಆಯಿಯ ಕಾರಣ ಸರಳ. ಅವಳ ಅಮ್ಮ, ಅಮ್ಮನ ಅಮ್ಮ, ಎಲ್ಲರೂ ಪ್ರತಿ ವರ್ಷ ಹಬ್ಬದ ಊಟದ ಕೊನೆಗೆ 'ಮುಂದಿನ ವರ್ಷ ಜೆರುಸಲೇಮಿನಲ್ಲಿ' ಎಂದು ಹೇಳಿ ಎದ್ದವರು. ಯಾರೂ ಹೋಗಲಿಲ್ಲ. "ಒಬ್ಬಾಕಿ ಆದ್ರೂ ಹೋಗಿ ಕಾಲ ಇಡಬೇಕಲ್ಲವಾ," ಎನ್ನುತ್ತಿದ್ದಳು. ಆದರೆ ಯೆಹೂದಿಗಳೆಂದು ತೋರಿಸಲು ಕಾಗದಪತ್ರ ಬೇಕಿತ್ತು. ಮದುವೆಯ ಹಳೆಯ ಪತ್ರ ಗೆದ್ದಲು ತಿಂದಿತ್ತು. ಕೊನೆಗೆ ಅರ್ಜಿ ನೋಡುವವರು ಹಿರಿಯರ ಗೋರಿಯ ಫೋಟೋ ಆದರೂ ಆಗುತ್ತದೆ ಎಂದರಂತೆ. ಆಯಿಯ ಗಂಡನ ಗೋರಿ ಬೆಳಗಾವಿಯ ಕ್ಯಾಂಪಿನ ಹಳೆಯ ಸ್ಮಶಾನದ ಮೂಲೆಯಲ್ಲಿತ್ತು. ಅಲ್ಲೇ ಇದ್ದ ನನ್ನ ಸೋದರಮಾವನಿಗೆ ಅಮ್ಮ ಫೋನ್ ಮಾಡಿದಳು. ಆ ದಿನ ಅವಳು ಒಗೆದ ಬಟ್ಟೆ ಹರವುತ್ತ ರೂತ್ ಆಂಟಿಗೆ, ಅಂದರೆ ಲೀಯಾಳ ಅಮ್ಮನಿಗೆ, ಹೇಳಿದ ಮಾತು ನನಗೆ ಇಂದಿಗೂ ಕೇಳಿಸುತ್ತದೆ: "ನಮಗ ಇಲ್ಲಿ ಕಾಯಂ ಇರಾಕ ಪಿಆರ್ ಕೊಡೂಮುಂದ ಓದು, ವಯಸ್ಸಿನ ಪಾಯಿಂಟ್ಸ್ ಕೇಳಿದ್ರು ರೂತ್. ನಿಮಗ ಹಿರೇರ ಗೋರಿ ಕೇಳ್ಯಾರ. ಪುಣ್ಯವಂತರು ನೋಡ್ರಿ ನೀವು." ಆ ದನಿಯಲ್ಲಿ ಅಸೂಯೆ ಇತ್ತೇ, ಅಥವಾ ನನ್ನದನ್ನೇ ನಾನು ಅಲ್ಲಿ ತುಂಬಿದ್ದೇನೆಯೇ, ಹೇಳಲಾರೆ.

ಅರ್ಜಿ ಹಾಕಿದ ವಾರ ಅವರ ಮನೆಯಲ್ಲಿ ಮಲಿದಾ ಮಾಡಿದರು. ಎಲಿಯಾಹು ಎಂಬ ಅವರ ಪ್ರವಾದಿಗೆ ಹರಕೆ ಹೊತ್ತಾಗ, ಹರಕೆ ತೀರಿದಾಗ ಮಾಡುವ ನೈವೇದ್ಯ ಅದು. ನೆನೆಸಿದ ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ ಕಲಸಿ ತಟ್ಟೆಯಲ್ಲಿ ಗುಡ್ಡೆ ಮಾಡಿ ಸುತ್ತ ಹಣ್ಣು ಜೋಡಿಸುತ್ತಾರೆ. "ಅಯ್ಯ, ಇದು ನಮ್ಮ ಸಿಹಿ ಅವಲಕ್ಕಿನ ಬಿಡ್ರಿ," ಎಂದ ಅಮ್ಮನಿಗೆ ಆಯಿ, "ದೇವರು ಬ್ಯಾರೆ ಇರಬಹುದು, ಅವಲಕ್ಕಿ ಒಂದ," ಎಂದಳು. ಪ್ರಾರ್ಥನೆಯ ಹೊತ್ತಿಗೆ ಅವಳು ನನ್ನನ್ನೂ ಪಕ್ಕಕ್ಕೆ ಎಳೆದುಕೊಂಡು, "ನೀನೂ ಬೇಡ್ಕೋ ಮೇಘಾ. ಎಲಿಯಾಹು ಎಲ್ಲಾರದೂ ಕೇಳ್ತಾನ," ಎಂದು ಕಿವಿಯಲ್ಲಿ ಹೇಳಿದಳು. ನಾನು ಕಣ್ಣು ಮುಚ್ಚಿ, ಆಯಿ ಹೋಗಬಾರದು ಎಂದು ಬೇಡಿಕೊಂಡೆ. ಲೀಯಾ ಹೋಗಲಿ, ಅಂಕಲ್ ಆಂಟಿ ಹೋಗಲಿ, ಆಯಿ ಮಾತ್ರ ಇಲ್ಲೇ ಇರಲಿ.

ಹದಿನೈದು ದಿನಕ್ಕೆ ಮಾವನ ಲಕೋಟೆ ಬಂತು. ಆ ದಿನ ಪೋಸ್ಟ್‌ಬಾಕ್ಸ್ ತೆಗೆದವಳು ನಾನು. ಅಂಚುಗಳನ್ನು ಗೋಂದಿನಿಂದ ಮೆತ್ತಿದ್ದ ಉದ್ದದ ಲಕೋಟೆ, ನನ್ನ ಅಮ್ಮನ ಹೆಸರು. ಒಡೆದು ನೋಡಿದೆ. ನಾಲ್ಕು ಫೋಟೋಗಳು, ಜೊತೆಗೆ ಕಾಗದದಲ್ಲಿ ಸುತ್ತಿದ ನೆಗೆಟಿವ್. ಕಲ್ಲಿನ ಮೇಲೆ ಮರಾಠಿಯ ಎರಡು ಸಾಲು, ಹೀಬ್ರೂವಿನ ಎರಡು ಸಾಲು, ಅವುಗಳ ಮೇಲೆ ಮೊಣಕೈ ಎತ್ತಿ ಕ್ಯಾಮೆರಾ ಹಿಡಿದ ಮಾವನ ನೆರಳು. ಒಂದರಲ್ಲಿ ಗೋರಿಗೆ ಒರಗಿ ನಿಂತ ಒಂದು ಆಡು. ನಾನು ಕದ್ದೆ ಎಂದು ನನಗೆ ಅನಿಸಲಿಲ್ಲ. ಎಲಿಯಾಹು ನನ್ನ ಮಾತು ಕೇಳಿ, ಇದನ್ನು ನನ್ನ ಕೈಗೇ ತಲುಪಿಸಿದ್ದಾನೆ ಎನಿಸಿತು. ಕಪಾಟಿನ ಮೇಲೆ, ಊರಿಗೆ ಹೋಗುವಾಗ ಮಾತ್ರ ಇಳಿಸುತ್ತಿದ್ದ ಸೂಟ್‌ಕೇಸಿನ ಅಸ್ತರಿಯೊಳಗೆ ಅದನ್ನು ತುರುಕಿದೆ.

ಮೂರು ತಿಂಗಳು. ಅಮ್ಮ ಫೋನ್ ಮಾಡಿದಾಗಲೆಲ್ಲ ಮಾವ, "ಕಳಿಸೇನಿ ಮಾರಾಯ್ತಿ, ನೆಗೆಟಿವ್‌ನೂ ಅದರಾಗ ಇಟ್ಟೇನಿ. ಬರ್ತದ, ಬರ್ತದ," ಎನ್ನುತ್ತಿದ್ದ. ಎಲ್ಲರೂ ಟಪಾಲಿನವರನ್ನು ಬೈದರು. ಆಯಿ ಒಬ್ಬಳು ಬೈಯಲಿಲ್ಲ. ದಿನವೂ ಮೆಟ್ಟಿಲಿಳಿದು ಎರಡೂ ಮನೆಯ ಪೋಸ್ಟ್‌ಬಾಕ್ಸ್ ನೋಡಿ ಬರುತ್ತಿದ್ದಳು. ಚಳಿಗಾಲ ಬಂತು, ಅವಳಿಗೆ ಕೆಮ್ಮು ಹತ್ತಿತು, ಆದರೂ ಇಳಿಯುತ್ತಿದ್ದಳು. ಅದನ್ನು ನೋಡಲಾರದೆ ಕೊಟ್ಟೆನೋ, ಇಲ್ಲ ಅಪ್ಪ ಸೂಟ್‌ಕೇಸ್ ಇಳಿಸುವ ಮಾತಾಡಿದ್ದರಿಂದ ಹೆದರಿ ಕೊಟ್ಟೆನೋ! ಕರುಣೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹೆದರಿಕೆ ಎಂಬುದೇ ಹೆಚ್ಚು ನಿಜವಿರಬೇಕು. ಲಕೋಟೆಯನ್ನು ಮತ್ತೆ ಅಂಟಿಸಿ, ಪೋಸ್ಟ್‌ಬಾಕ್ಸಿಗೆ ಹಾಕಿದೆ. ಆ ಮಧ್ಯಾಹ್ನ ಆಯಿ ಫೋಟೋಗಳನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ, "ನೋಡ್ರಿ ಇವರನ್ನ, ಸತ್ತ ಮ್ಯಾಲೂ ಆಡು ಕಾಯಾಕತ್ತಾರ," ಎಂದು ನಗಲು ಹೋಗಿ ಕೆಮ್ಮಿದಳು.

ಮೂರು ವಾರದಲ್ಲಿ ಆಯಿ ತೀರಿಕೊಂಡಳು. ನ್ಯುಮೋನಿಯಾ. ಅವರ ಸೂತಕದ ಪದ್ಧತಿಯಂತೆ ಮನೆಯ ಕನ್ನಡಿಗಳಿಗೆಲ್ಲ ಬಟ್ಟೆ ಮುಚ್ಚಬೇಕಾಗಿ ಬಂದಾಗ ಸಾಕಾಗದೆ ಅಮ್ಮನ ಒಂದು ಇಳಕಲ್ ಸೀರೆ ಹೋಯಿತು. ಏಳು ದಿನ ಅವರು ನೆಲದ ಮೇಲೆ ಕೂತರು. ರೂಕ್‌ವುಡ್ ಸ್ಮಶಾನದಲ್ಲಿ ಮಣ್ಣು ಮಾಡುವಾಗ, ಆ ದೂರದ ನೆಲದಿಂದ ತರಿಸಿಟ್ಟಿದ್ದ ಒಂದು ಚಮಚದಷ್ಟು ಮಣ್ಣನ್ನು ಅವಳ ತಲೆಯ ಕೆಳಗೆ ಇಟ್ಟರಂತೆ. ಅವಳ ಪಾಲಿಗೆ ಬಂದ ಜೆರುಸಲೇಮ್ ಅಷ್ಟು. ಎರಡು ತಿಂಗಳ ನಂತರ ಒಪ್ಪಿಗೆಯ ಪತ್ರ ಬಂತು. ನಾನು ಬಚ್ಚಿಟ್ಟ ಮೂರು ತಿಂಗಳನ್ನು ಅದರಿಂದ ಕಳೆದು ನೋಡುತ್ತಿದ್ದೆ; ಪ್ರತಿ ಸಲವೂ ಆಯಿ ಬದುಕಿರುವಾಗಲೇ ಆ ಪತ್ರ ಬರುತ್ತಿತ್ತು. ಲೀಯಾ ಹೋದಳು, ಅಂಕಲ್ ಆಂಟಿ ಹೋದರು, ಆಯಿ ಮಾತ್ರ ಇಲ್ಲೇ ಉಳಿದಳು. ನಾನು ಕೇಳಿಕೊಂಡದ್ದು ಒಂದಕ್ಷರ ತಪ್ಪದೆ ನಡೆಯಿತು.

ಇಷ್ಟಾದ ಮೇಲೆ ಹೊಟ್ಟೆಕಿಚ್ಚು ಆರಬೇಕಿತ್ತು. ಆರಲಿಲ್ಲ. ಲೀಯಾ ಇಸ್ರೇಲಿನ ಅಶ್ಡೋದಿನಿಂದ ಈಮೇಲ್ ಬರೆಯುತ್ತಿದ್ದಳು. ಸಮುದ್ರ ಹತ್ತಿರ, ಮನೆ ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ. ಅಪ್ಪ ಅಮ್ಮ ಇಬ್ಬರೂ ಚೀಲ ಹಾಕಿಕೊಂಡು ಭಾಷೆಯ ಕ್ಲಾಸಿಗೆ ಹೋಗುತ್ತಾರೆ, ಬಲದಿಂದ ಎಡಕ್ಕೆ ಬರೆಯಲು ಕಲಿಯುತ್ತಾರೆ, ಅವರ ಹೋಮ್‌ವರ್ಕ್ ತಿದ್ದುವವಳು ತಾನು. ಅಂಕಲ್‌ಗೆ ಬಂದರಿನ ಕ್ರೇನ್ ರಿಪೇರಿಯ ಕೆಲಸ ಸಿಕ್ಕಿತ್ತು, ಹುದ್ದೆ ಮೊದಲಿನದಕ್ಕಿಂತ ಕೆಳಗಿನದು. ವಿಮಾನ ಇಳಿದ ದಿನ ಪಾಸ್‌ಪೋರ್ಟ್ ನೋಡಿದವನು 'ಮನೆಗೆ ಸ್ವಾಗತ' ಎಂದನಂತೆ. ಆ ಒಂದು ಸಾಲನ್ನು ನಾನು ಎಷ್ಟು ಸಲ ಓದಿದೆನೋ. ನಾವು ಊರಿಗೆ ಹೋಗಿ ಸಿಡ್ನಿಗೆ ಮರಳಿದಾಗ ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಕೇಳಿದ್ದು ಉಪ್ಪಿನಕಾಯಿ ತಂದಿದ್ದೀರಾ ಎಂದು. ಬೆಳಗಾವಿಯಲ್ಲೂ ಯಾರೂ 'ಮನೆಗೆ ಬಂದೆ' ಎನ್ನಲಿಲ್ಲ, 'ಯಾವಾಗ ವಾಪಸ್?' ಎಂದು ಕೇಳಿದರು. ಎರಡು ಸಾವಿರ ವರ್ಷ ಬಿಟ್ಟುಹೋದವರನ್ನು ಒಂದು ನೆಲ ಮರೆಯದೆ ಕಾಯುತ್ತದೆ, ಹತ್ತು ವರ್ಷ ಬಿಟ್ಟುಬಂದ ನಮ್ಮನ್ನು ನಮ್ಮ ಓಣಿ ಮರೆತಿದೆ ಎಂದು ಕುದಿದೆ. ಆ ನೆಲದಲ್ಲಿ ಇನ್ನೂ ಯಾರಯಾರ ಅಜ್ಜಿಯರ ಗೋರಿಗಳಿವೆ, ಅಲ್ಲಿಂದ ಹೊರದೂಡಿಸಿಕೊಂಡ ಅವರ ಮೊಮ್ಮಕ್ಕಳು ಎಲ್ಲಿದ್ದಾರೆ ಎಂಬುದನ್ನು ನಾನು ಓದಿ ತಿಳಿದದ್ದು ಬಹಳ ತಡವಾಗಿ.

ಆಮೇಲೆ ಅಪ್ಪ, ಅಮ್ಮ, ನಾನು ಮೆಲ್ಬರ್ನಿಗೆ ಬಂದು ಕ್ರೇಗಿಬರ್ನಿನಲ್ಲಿ ಮಾರ್ಟ್‌ಗೇಜ್ ಮೇಲೆ ಮನೆ ಕೊಂಡೆವು. ಲೀಯಾಳ ಈಮೇಲುಗಳು ಚಿಕ್ಕವಾಗುತ್ತ ಬಂದು ನಿಂತುಹೋದವು. ರೂತ್ ಆಂಟಿ ಮಾತ್ರ ವರ್ಷಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ಅವರು ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿದ್ದರು. "ಎಲ್ಲಾ ರಷ್ಯಾದಿಂದ ಬಂದ ಮುದುಕೇರವಾ. ಅವರು ರಷ್ಯನ್‌ದಾಗ ಅಳ್ತಾರ, ನಾ ಕನ್ನಡದಾಗ ಸಮಾಧಾನ ಮಾಡ್ತೀನಿ. ನಡೀತದ." ಒಮ್ಮೆ ನಕ್ಕು ಹೇಳಿದರು: "ಬೆಳಗಾವ್ಯಾಗ ನಮ್ಮನ್ನ ಇಸ್ರೇಲಿ ಮಂದಿ ಅಂತಿದ್ರು. ಇಸ್ರೇಲಕ್ಕ ಬಂದ್ರ ಇಂಡಿಯನ್ಸ್ ಅಂತಾರ. ಇನ್ನ ಎಲ್ಲಿಗೆ ಹೋಗೂಣು ಹೇಳು?" ಹಾಗೆಂದರೂ ಅವರ ದನಿಯಲ್ಲಿ ಹೊರಡುವ ಆಲೋಚನೆ ಇರಲಿಲ್ಲ. ಬಾಲ್ಕನಿಯಲ್ಲಿ ಕರಿಬೇವು ಚಿಗುರಿತ್ತು, ಲೀಯಾ ಹೀಬ್ರೂವಿನಲ್ಲಿ ಜಗಳವಾಡುತ್ತಿದ್ದಳು. ಅವರು ಬೇರು ಬಿಡುತ್ತಿದ್ದುದು ಫೋನಿನಲ್ಲೇ ಕೇಳಿಸುತ್ತಿತ್ತು.

ನನಗೆ ಹದಿನೈದಾಗಿದ್ದಾಗ ಒಂದು ಸಂಜೆ ಅಮ್ಮ ಮನೆಯಲ್ಲಿಲ್ಲದ ಹೊತ್ತಿಗೆ ರೂತ್ ಆಂಟಿಯ ಫೋನ್ ಬಂತು. ಲಕೋಟೆಯ ವಿಷಯ ಹೇಳಿಬಿಟ್ಟೆ. ಆ ಕಡೆ ಕುಕ್ಕರ್ ಒಂದು ಸಲ ಕೂಗಿತು. ಆಮೇಲೆ ರೂತ್ ಆಂಟಿ ನಿಧಾನವಾಗಿ ಹೇಳಿದರು: "ಆಕಿ ಬರ್ತಿರಲಿಲ್ಲವಾ. ಫೋಟೋ ನೋಡಿದ ದಿನಾನ ಅಂದ್ಲು, ಇವರೊಬ್ಬರನ್ನ ಅಲ್ಲಿ ಬಿಟ್ಟು ಇಷ್ಟು ದೂರ ಬಂದೇನಿ, ಇನ್ನೂ ದೂರ ಒಲ್ಲೆ ಅಂತ. ನೀ ಮನಸಿನ್ಯಾಗ ಇಟ್ಕೋಬ್ಯಾಡ." ಅದು ನಿಜವಿರಬಹುದು. ಎರಡೂ ಮನೆಯ ಪೋಸ್ಟ್‌ಬಾಕ್ಸ್ ನೋಡಲು ಕೆಮ್ಮುತ್ತ ಇಳಿಯುತ್ತಿದ್ದ ಹೆಂಗಸು ಹಾಗೆ ಅಂದಿರಲಾರಳು ಎಂಬುದೂ ನಿಜವಿರಬಹುದು. ಕುಕ್ಕರಿನ ಒಂದು ಕೂಗಿನ ಅವಧಿಯಲ್ಲಿ ನನಗಾಗಿ ಒಂದು ಸುಳ್ಳನ್ನು ಹುಡುಕಿಕೊಟ್ಟರೇ? ಹಾಗಿದ್ದರೆ ಅಂಥ ಅಮ್ಮ ಇರುವ ಲೀಯಾಳ ಮೇಲೆ ಮತ್ತೆ ಅಸೂಯೆಯಾಯಿತು. ಫೋನ್ ಇಡುವ ಮೊದಲು ಆಂಟಿ, "ಸಿಡ್ನಿಗೆ ಹೋದ್ರ ಆಯಿ ಗೋರಿ ಮ್ಯಾಲೆ ಒಂದು ಕಲ್ಲಿಡು. ನಮ್ಮಾಗ ಹೂವ ಇಡೂದಿಲ್ಲ. ಅಲ್ಲಿ ಆಕಿಗೆ ಈಗ ಯಾರದಾರ, ನೀನ," ಎಂದರು.

'ನೀನ' ಎಂಬ ಆ ಒಂದು ಮಾತನ್ನು ಹಿಡಿದುಕೊಂಡು ಹೋದೆ. ಅಪ್ಪ ಸಿಡ್ನಿಯಲ್ಲಿ ಯಾರದೋ ಗೃಹಪ್ರವೇಶಕ್ಕೆಂದು ಹ್ಯೂಮ್ ಹೈವೇಯಲ್ಲಿ ಒಂಬತ್ತು ತಾಸು ಕಾರು ಓಡಿಸಿದ್ದ. ರೂಕ್‌ವುಡ್‌ನಲ್ಲಿ ನನ್ನನ್ನು ಇಳಿಸಿ, ಕಾರಿನಲ್ಲೇ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ನಾನು ನಮ್ಮ ಹಿತ್ತಲಿನಿಂದ ಆರಿಸಿ, ತೊಳೆದು ತಂದ ಕಲ್ಲು ಜೇಬಿನಲ್ಲಿತ್ತು. ಸಾಲುಗಳನ್ನು ಎಣಿಸಿ ಹುಡುಕಿದೆ. ಆಯಿಯ ಹೆಸರು ಇಂಗ್ಲಿಷಿನಲ್ಲಿ, ಹೀಬ್ರೂವಿನಲ್ಲಿ, ಕೆಳಗೆ ಸಣ್ಣದಾಗಿ ಮರಾಠಿಯಲ್ಲಿ. ಈ ಖಂಡದಲ್ಲಿ ನಮ್ಮ ಮನೆತನದ ಒಂದು ಮೂಳೆಯೂ ಇಲ್ಲ. ಬಿಟ್ಟುಹೋದವರಿಗೆ ಇಲ್ಲೂ ಒಂದು ಗೋರಿ ಇದೆ, ಅಲ್ಲೂ ಒಂದು ದೇಶ ಇದೆ ಎಂದು ಕೊನೆಯ ಸಲವೆಂಬಂತೆ ಉರಿದೆ.

ಕೊನೆಯ ಸಲವಾಗಿರಲಿಲ್ಲ. ಗೋರಿಯ ಮೇಲೆ ಆಗಲೇ ಐದಾರು ಕಲ್ಲುಗಳಿದ್ದವು. ಕೆಲವು ಮಳೆಗೆ ಮಾಸಿದ್ದವು, ಒಂದು ಹೊಚ್ಚ ಹೊಸತು, ಮೊನ್ನೆಯೋ ಆಚೆ ಮೊನ್ನೆಯೋ ಇಟ್ಟದ್ದು. ಯಾರೋ ಬರುತ್ತಿದ್ದರು. ಮತ್ತೆ ಮತ್ತೆ ಬರುತ್ತಿದ್ದರು. ಆಯಿಗೆ ಇಲ್ಲಿ ನನ್ನನ್ನು ಬಿಟ್ಟು ಯಾರಿದ್ದಾರೆ? ಮೊಣಕಾಲೂರಿ, ಆ ಕಲ್ಲುಗಳನ್ನೆಲ್ಲ ಅಂಗೈಯಿಂದ ಗೋರಿಯ ಬದಿಯ ನೆಲಕ್ಕೆ ಸರಿಸಿ, ಹೆಸರಿನ ಮೇಲೆ ನಡುವೆ ಖಾಲಿ ಜಾಗ ಮಾಡಿ ನನ್ನದನ್ನು ಇಟ್ಟೆ. ಗೋರಿಯ ಮೇಲೆ ಈಗ ಅದೊಂದೇ ಕಲ್ಲು; ಅದನ್ನೇ ನೋಡುತ್ತ ಕೂತಿದ್ದೆ. ಅಪ್ಪ ಕರೆದ. ಎದ್ದೆ. ಉಳಿದ ಕಲ್ಲುಗಳನ್ನು ಸರಿಸಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ತಿರುಗಿ ಇಟ್ಟದ್ದು ನೆನಪಿಲ್ಲ.