ಡಿಜೆ ನಿಲ್ಲಿಸಿದ ಕುದುರೆ

ನಮ್ಮ ಮನೆ ಮುಂದೆ ಬಂದ ಮದುವೆ ಮೆರವಣಿಗೆಯ ಬಿಳಿ ಕುದುರೆ ಗಕ್ಕನೆ ನಿಂತುಬಿಟ್ಟಿತು. ಮೇಲೆ ಕುಳಿತಿದ್ದ ಮದುಮಗ ಎರಡೂ ಕೈಯಿಂದ ಜೀನು ಹಿಡಿದುಕೊಂಡ. ಮುಂದಿದ್ದ ಡಿಜೆ ಸದ್ದಿಗೆ ಸತ್ಯನಾರಾಯಣಪೇಟೆಯ ಕಿಟಕಿಗಳೆಲ್ಲ ಅದುರುತ್ತಿದ್ದವು.

ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಬಂದಿದ್ದ ಅಮ್ಮ ಒಳಗೆ ಎದೆ ಹಿಡಿದುಕೊಂಡು ಮಲಗಿದ್ದಳು. ಸದ್ದು ಕಡಿಮೆ ಮಾಡಿ ಎಂದು ನಾನು ಆಗಲೇ ಎರಡು ಸಲ ಹೋಗಿ ಕೈಮುಗಿದಿದ್ದೆ. "ಮದುವಿ ಐತ್ರಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ" ಎಂದು ವರನ ಸೋದರಮಾವ ನನ್ನನ್ನೇ ಕುಣಿಯಲು ಕರೆದಿದ್ದರು.

ಮದುವೆಗೆಂದು ಸಿರುಗುಪ್ಪದಿಂದ ಬಂದಿದ್ದ ಪಶುವೈದ್ಯೆಯೊಬ್ಬರು ಮುಂದೆ ಬಂದು ಕುದುರೆಯ ಮುಖ ನೋಡಿದರು. "ಕಿವಿ ಹಿಂದಕ್ಕ ಹೋಗ್ಯಾವು, ಮೂಗಿನ ಹೊಳ್ಳಿ ಬಿಗಿದಾವು. ಮುಖ ನೋಡಿ ಕುದುರಿ ಸಂಕಟ ಅಳೆಯೋದನ್ನ ಸಂಶೋಧಕರು ಈಗ ಕಂಡುಹಿಡದಾರ್ರಿ. ಇದಕ್ಕ ಭಾಳ ತ್ರಾಸ ಆಗೈತಿ. ಸೌಂಡ್ ಬಂದ್ ಮಾಡ್ರಿ, ಇಲ್ಲಾಂದ್ರ ಮದುಮಗನ್ನ ಕೆಡವತೈತಿ!"

ಡಿಜೆ ಆ ಕ್ಷಣವೇ ನಿಂತಿತು. ಸೋದರಮಾವ ತುಟಿಗೆ ಬೆರಳಿಟ್ಟು, "ಲೇ, ಯಾರೂ ಸದ್ದು ಮಾಡಬ್ಯಾಡ್ರಿ, ಪಾಪ, ಮೂಕ ಪ್ರಾಣಿ" ಎಂದು ಎಲ್ಲರನ್ನೂ ಗದರಿಸುತ್ತ ನಮ್ಮ ಬೀದಿ ದಾಟಿದರು.

ಮನುಷ್ಯರ ಮುಖ ನೋಡಿ ಸಂಕಟ ಅಳೆಯುವ ಸಂಶೋಧನೆ ಇಲ್ಲವೇ ಎಂದು ವೈದ್ಯೆಯನ್ನು ಕೇಳಿದೆ. ಅವರು ನಕ್ಕು, "ಅದು ನಮ್ಮ ಇಲಾಖೆಗೆ ಬರಂಗಿಲ್ರಿ" ಎಂದರು.

ಅಮ್ಮ ಈಗ ಚೇತರಿಸಿಕೊಳ್ಳುತ್ತಿದ್ದಾಳೆ. ಬರುವ ವಾರ ಎದುರು ಮನೆಯಲ್ಲೂ ಮದುವೆ; ಮದುಮಗ ಕಾರಿನಲ್ಲಿ ಬರುತ್ತಾನಂತೆ. ಮದುಮಗನಿಗೆ ಕುದುರೆಯೇ ಶೋಭೆ ಎಂದು ನಾನೇ ಹೋಗಿ ಒತ್ತಾಯಿಸಿ ಬಂದಿದ್ದೇನೆ.