ಎರಡು ಡಬ್ಬಿ, ಒಂದು ಮುಖ

‘ಅಕ್ಕಾರ, ಇದರಾಗ ನಾ ಯಾವ ಡಬ್ಬಿ?’

ಗಚ್ಚಿಬೌಲಿಯ ನನ್ನ ಬಾಡಿಗೆ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು, ಒಂದು ಭಾನುವಾರ ಬೆಳಿಗ್ಗೆ ಸಂಗು ಕೇಳಿದ ಪ್ರಶ್ನೆ ಇದು. ಕೈಯಲ್ಲಿ ಚಹಾ. ಕಣ್ಣು ನನ್ನ ಮೇಜಿನ ಮೇಲಿದ್ದ ಎರಡು ಸ್ಟೀಲ್ ಡಬ್ಬಿಗಳತ್ತ. ಒಂದರ ಮುಚ್ಚಳದ ಮೇಲೆ ‘ಗಂಡು’ ಅಂತ ಚೀಟಿ ಅಂಟಿಸಿದ್ದೆ. ಇನ್ನೊಂದರ ಮೇಲೆ ‘ಹೆಣ್ಣು’. ನನ್ನದೇ ದುಂಡು ಅಕ್ಷರ.

ನಾನು ಬ್ರಷ್ ತೊಳೆಯುವವಳಂತೆ ಒಳಗೆ ಹೋಗಿಬಿಟ್ಟೆ.

ಮೊದಲು ಡಬ್ಬಿಗಳ ವಿಷಯ ಹೇಳುತ್ತೇನೆ. ಶನಿವಾರಗಳಂದು ನಾನು ಅಬಿಡ್ಸ್‌ನಲ್ಲಿ ಒಂದು ಹಳೇ ಪುಸ್ತಕದಂಗಡಿಯ ಮಹಡಿ ಮೇಲೆ ಮುಖ ಬರೆಯುವುದನ್ನು ಕಲಿಯುತ್ತೇನೆ. (ಗೊತ್ತು, ಇಷ್ಟು ದಿನ ನಿಮಗೆ ಹೇಳಿರಲಿಲ್ಲ. ಈ ಅಂಕಣದಲ್ಲಿ ನನ್ನ ಊರಿನ ಹೆಸರನ್ನೂ ಬರೆದವಳಲ್ಲ ನಾನು.) ಕಲಿಸುವವರು ಮಾಸ್ಟರ್ ಸಾಬ್. ಫೋಟೋ ನೋಡಿ ದೊಡ್ಡ ದೊಡ್ಡ ಚಿತ್ರ ಬರೆದುಕೊಡುವ ಅಂಗಡಿ ನಡೆಸಿದವರು. ಅವರ ಪದ್ಧತಿಯೇ ಬೇರೆ. ಮೈಬಣ್ಣವನ್ನು ಮೊದಲೇ ಕಲಸಿ ಎರಡು ಡಬ್ಬಿಗಳಲ್ಲಿ ಇಟ್ಟುಕೊಳ್ಳಬೇಕು. ಗಂಡಿಗೆ ಕಂದು ಹೆಚ್ಚು, ದವಡೆಗೆ ಒಂದಿಷ್ಟು ಬೂದು. ಹೆಣ್ಣಿಗೆ ಗುಲಾಬಿ ಹೆಚ್ಚು, ನೆರಳು ಕಡಿಮೆ. ಆಯಿಲ್ ಬಣ್ಣ ಒಣಗಬಾರದು ಅಂತ ಡಬ್ಬಿಗಳನ್ನು ಫ್ರಿಜ್‌ನಲ್ಲಿ, ದೋಸೆ ಹಿಟ್ಟಿನ ಪಕ್ಕ ಇಡುತ್ತೇನೆ. (ನನ್ನ ರೂಮ್‌ಮೇಟ್ ಒಮ್ಮೆ ಚಟ್ನಿ ಅಂದುಕೊಂಡು ಮುಚ್ಚಳ ತೆಗೆದಿದ್ದಳು. ಚೀಟಿ ಅಂಟಿಸಿದ್ದು ಆಮೇಲೆ.)

ಇನ್ನು ಸಂಗು. ಹೆಸರು ಬದಲಿಸಿದ್ದೇನೆ, ಬರೆಯಲು ಒಪ್ಪಿಗೆ ಪಡೆದಿದ್ದೇನೆ. ನನ್ನ ಟೀಮಿನಲ್ಲೇ ಟೆಸ್ಟರ್. ಬೀದರ್ ಕಡೆಯವರು. ನಾನು ಬರೆದ ಕೋಡಿನಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ಅದನ್ನು ಬಹಳ ಸಂತೋಷದಿಂದ ಮಾಡುತ್ತಾರೆ. ಆಫೀಸಿನಲ್ಲಿ ಚೌಕಳಿ ಶರ್ಟು, ಕೊರಳಲ್ಲಿ ಐಡಿ ಕಾರ್ಡು, ತೆಳು ಮೀಸೆ. ಒಂದು ದಿನ ಕ್ಯಾಬಿನಲ್ಲಿ ಪಕ್ಕ ಕೂತವರು ಇದ್ದಕ್ಕಿದ್ದಂತೆ ಹೇಳಿದರು. ‘ನಾ ಒಂದೊಂದು ದಿನ ಗಂಡಸು, ಒಂದೊಂದು ದಿನ ಹೆಂಗಸು. ಒಂದೊಂದು ದಿನ ಎರಡೂ. ಇಂಗ್ಲಿಷಿನಾಗ ಜೆಂಡರ್ ಫ್ಲೂಯಿಡ್ ಅಂತಾರ. ನಮ್ಮವ್ವಗ ಇದನ್ನ ಹೆಂಗ ಹೇಳ್ಲಿ? ಬಾಯಿಲೆ ಹೇಳಾಕ ಆಗವಲ್ದು. ನೀವು ಬಣ್ಣದಾಗ ಹೇಳ್ತೀರೇನ್ರಿ?’

ಅವರ ಅವ್ವ ಊರಲ್ಲಿ ಬಳೆ ಮಾರುತ್ತಾರೆ. ಹಬ್ಬಕ್ಕೆ ಮುಂಚೆ ಸರಕು ತರಲು ಇಲ್ಲಿನ ಬೇಗಂ ಬಜಾರಿಗೆ ಬರುವವರಿದ್ದರು. ಅಷ್ಟರಲ್ಲಿ ಚಿತ್ರ ಆಗಬೇಕು. ಅವ್ವ ಮೊದಲು ಚಿತ್ರ ನೋಡಬೇಕು, ಆಮೇಲೆ ಮಗುವನ್ನು.

ಇಷ್ಟು ದೊಡ್ಡ ಕೆಲಸವನ್ನು ಯಾರಾದರೂ ನಿಮ್ಮ ಬ್ರಷ್ಷಿಗೆ ಒಪ್ಪಿಸಿದ್ದಾರೆಯೇ? ಅವತ್ತು ಇಡೀ ದಿನ ನನಗೆ ಒಂದು ಬಗ್ ಕೂಡ ಬಗೆಹರಿಸಲಾಗಲಿಲ್ಲ.

ಮೊದಲ ಭಾನುವಾರ ಸಂಗು ಶರ್ಟು ಹಾಕಿಕೊಂಡು ಬಂದರು. ನಾನು ‘ಗಂಡು’ ಡಬ್ಬಿ ತೆರೆದೆ. ಮುಂದಿನ ವಾರ ಕಣ್ಣಿಗೆ ಕಾಡಿಗೆ, ಹೆಗಲ ಮೇಲೆ ನವಿಲುಬಣ್ಣದ ದುಪಟ್ಟಾ. ನಾನು ಹಿಂದಿನ ವಾರದ್ದನ್ನೆಲ್ಲ ಬಟ್ಟೆಯಿಂದ ಒರೆಸಿ ‘ಹೆಣ್ಣು’ ಡಬ್ಬಿ ತೆರೆದೆ. ಡಬ್ಬಿಯ ಪ್ರಶ್ನೆ ಬಂದದ್ದು ಅವತ್ತೇ. ಎರಡೂ ಸಲ ಚಿತ್ರದಲ್ಲಿ ಕಣ್ಣು, ಮೂಗು ಸರಿ ಇದ್ದವು. ಸಂಗು ಮಾತ್ರ ಇರಲಿಲ್ಲ.

‘ಯಾವುದಾದರೂ ಒಂದು ಡಿಸೈಡ್ ಮಾಡಿ, ಪ್ಲೀಸ್’ ಅಂದೆ. ‘ವಾರಕ್ಕೊಮ್ಮೆ ರಿಕ್ವೈರ್‌ಮೆಂಟ್ ಬದಲಾದರೆ ನಾನೇನು ಮಾಡಲಿ?’

‘ರಿಕ್ವೈರ್‌ಮೆಂಟ್ ಬದಲಾಗಿಲ್ಲರಿ ಅಕ್ಕಾರ. ನೀವು ಅರ್ಧಾ ಓದಿ ಕೋಡ್ ಬರಿಯಾಕತ್ತೀರಿ’ ಅಂದರು. ಟೆಸ್ಟರ್ ಬುದ್ಧಿ!

ಒಳಗಿಂದ ನನ್ನ ರೂಮ್‌ಮೇಟ್ ಸಲಹೆ ಕೊಟ್ಟಳು. ‘ಅರ್ಧ ಮುಖ ಹೆಣ್ಣು, ಅರ್ಧ ಮುಖ ಗಂಡು ಬರೆದುಬಿಡೇ. ಸಿಂಪಲ್.’

ಸಂಗು ನಕ್ಕರು. ‘ನಡು ಗೆರಿ ಹೊಡದು ಪಾಲು ಮಾಡಾಕ ನಾ ಏನು ಹೊಲಾ ಏನ್ರಿ?’

ಶನಿವಾರ ಮಾಸ್ಟರ್ ಸಾಬರನ್ನೇ ಕೇಳಿದೆ. ಒಂದೇ ಮುಖಕ್ಕೆ ಎರಡೂ ಡಬ್ಬಿ ಬಳಸಬಹುದೇ? ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು.

‘ಡಬ್ಬೇ ಕೈಕು ಬನಾಯಾ ಮಾಲೂಮ್ ಬೇಟಾ? ಟೈಮ್ ಬಚಾನೇ ಕು.’

ಮದುವೆ ಸೀಸನ್‌ನಲ್ಲಿ ಗಿರಾಕಿಗಳು ಸಾಲುಗಟ್ಟಿ ನಿಲ್ಲುತ್ತಿದ್ದರಂತೆ. ಒಬ್ಬೊಬ್ಬರ ಮುಖ ನೋಡುತ್ತಾ ಕೂತರೆ ಅಂಗಡಿ ನಡೆಯುವುದು ಹೇಗೆ? ಅದಕ್ಕೆ, ಹೊತ್ತು ಉಳಿಸಲು, ಡಬ್ಬಿ ಮಾಡಿದರಂತೆ. ಅಷ್ಟೇ. ನಾನು ಅದನ್ನು ಶಾಸ್ತ್ರ ಅಂದುಕೊಂಡಿದ್ದೆ! ಫ್ರಿಜ್‌ನಲ್ಲಿಟ್ಟು ಕಾಪಾಡಿದ್ದೆ!

ಮಾರನೇ ದಿನ ಎರಡೂ ಡಬ್ಬಿ ಮುಚ್ಚಿಟ್ಟೆ. ಟ್ಯೂಬುಗಳಿಂದ ಹೊಸದಾಗಿ ಬಣ್ಣ ಹಿಂಡಿ, ಸಂಗುವನ್ನು ಕಿಟಕಿ ಪಕ್ಕ ಕೂರಿಸಿ, ಸುಮ್ಮನೆ ನೋಡಿದೆ. ಅವತ್ತು ಮೀಸೆಯೂ ಇತ್ತು, ಕಾಡಿಗೆಯೂ ಇತ್ತು, ಹೆಗಲ ಮೇಲೆ ಅದೇ ದುಪಟ್ಟಾವೂ ಇತ್ತು. ತುಟಿಯ ಕೆಳಗಿನ ನೆರಳು ಬೂದು ಅಂತ ನಾನು ಎರಡು ವಾರದಿಂದ ನಂಬಿದ್ದೆನಲ್ಲ, ಅದು ಬೂದು ಅಲ್ಲವೇ ಅಲ್ಲ! ದುಪಟ್ಟಾದ ಬಣ್ಣ ಗಲ್ಲದ ಕೆಳಗೆ ತಿಳಿಯಾಗಿ ಹತ್ತಿತ್ತು. ಹೊಸ ಕ್ಷೌರದ ಕೆನ್ನೆಯ ಮೇಲೆ ಗುಲಾಬಿ ಇತ್ತು. ನಗು ತಡೆದುಕೊಂಡ ಬಾಯಿಯ ಅಂಚಿನಲ್ಲಿ ಒಂದು ಬಣ್ಣ ಕಂಡೆ, ಅದು ನನ್ನ ಯಾವ ಡಬ್ಬಿಯಲ್ಲೂ ಇರಲಿಲ್ಲ. ಕಲಸಿದೆ, ಹಚ್ಚಿದೆ. ಕೋಡ್ ಒಂದೇ ಏಟಿಗೆ ಓಡಿದಾಗಲೂ ನನಗೆ ಇಷ್ಟು ಖುಷಿಯಾಗಿಲ್ಲ. ಜೋರಾಗಿ ಮಾತಾಡದ ನಾನು ಅವತ್ತು ಕೂಗಿಯೇಬಿಟ್ಟೆ. ‘ಬಂತು, ಬಂತು! ಅಲ್ಲಾಡಬೇಡಿ!’

ಸಂಗು ಎದ್ದು ಬಂದು ನೋಡಿದರು. ತುಂಬಾ ಹೊತ್ತು ನೋಡಿದರು.

‘ಬಗ್ ಇಲ್ಲರಿ’ ಅಂದರು.

ಕಳೆದ ಭಾನುವಾರ ಅವ್ವ ಬಂದರು. ಶನಿವಾರವೇ ಬೇಗಂ ಬಜಾರ್ ಮುಗಿಸಿದ್ದರು, ಮಧ್ಯಾಹ್ನ ಊರಿನ ಬಸ್ಸು. ಬಳೆಯ ಗಂಟನ್ನು ಪಕ್ಕದಲ್ಲೇ ಇಟ್ಟುಕೊಂಡು, ಬಸಿಯಲ್ಲಿ ಚಹಾ ಸುರಿದು ಕುಡಿದರು. ಸಂಗು ಚೌಕಳಿ ಶರ್ಟಿನಲ್ಲಿ, ಕೈಗಳನ್ನು ಮಂಡಿಗಳ ನಡುವೆ ಅಡಗಿಸಿ ಕೂತಿದ್ದರು. ಟೀಮಿನವರನ್ನೆಲ್ಲ ಗಡಗಡ ನಡುಗಿಸುವ ಮನುಷ್ಯ!

ನಾನು ಚಿತ್ರದ ಮೇಲಿನ ಬಟ್ಟೆ ತೆಗೆದೆ.

‘ಕಣ್ಣಾಗ ಕಾಡಗಿ’ ಅಂದರು ಅವ್ವ.

‘ಹೂಂ ಬೇ.’

‘ಮೀಸಿನೂ ಐತಿ.’

‘ಹೂಂ. ಎರಡೂ ನಾನ ಬೇ. ನಾಟಕ ಅಲ್ಲ, ಚ್ಯಾಷ್ಟಿ ಅಲ್ಲ. ನಾ ಇರೋದ ಹಿಂಗ.’

ಅವ್ವ ಬಸಿಯನ್ನು ನೆಲಕ್ಕಿಟ್ಟರು. ಕೆಳಗೆ ರಸ್ತೆಯಲ್ಲಿ ಯಾವುದೋ ಕ್ಯಾಬು ಬಿಡದೆ ಹಾರ್ನ್ ಹೊಡೆಯುತ್ತಿತ್ತು. ನಾನು ಯಾಕಾದರೂ ಬ್ರಷ್ ಹಿಡಿದೆನೋ ಅನ್ನಿಸಿತು. ಬಣ್ಣದಲ್ಲಿ ಹೇಳುವ ಮಾತೇ ಇದು? ಹೇಳಿದ್ದು ಅವರಿಗೆ ಮುಟ್ಟದಿದ್ದರೆ?

‘ನಿಮ್ಮಪ್ಪಗ ಈಗ ತೋರಸಬ್ಯಾಡ’ ಅಂದರು ಕೊನೆಗೆ. ‘ಅವನ ಸಿಟ್ಟು ನಿನಗ ಗೊತ್ತೈತಿ.’

ಸಂಗು ತಲೆ ತಗ್ಗಿಸಿದರು. ಅವ್ವ ಎದ್ದು ಚಿತ್ರದ ಹತ್ತಿರ ಹೋದರು. ಬಗ್ಗಿ ಕೆಳಗಿನ ಅಂಚು ನೋಡಿದರು. ಮತ್ತೆ ಮೇಲೆ, ಮತ್ತೆ ಕೆಳಗೆ. ಆಮೇಲೆ ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟು.

‘ಯವ್ವಾ, ಕೈ ಎಲ್ಲದಾವ?’

ಇಂಥ ಚಿತ್ರದಲ್ಲಿ ಹೆಗಲವರೆಗೆ ಮಾತ್ರ ಬರೆಯುತ್ತೇವೆ ಅಂತ ವಿವರಿಸಿದೆ.

‘ಯಾಕ, ಅರಿವಿ ಸಾಲಲಿಲ್ಲೇನು? ನಾ ಬಳಿ ಮಾರಾಕಿ. ನನ್ನ ಹೊಟ್ಟ್ಯಾಗ ಹುಟ್ಟಿದ್ದರ ಚಿತ್ರಾ ತಗದು, ಕೈ ಬಿಡತಾರೇನು?’

ಗಂಟು ಬಿಚ್ಚಿದರು. ಕೆಂಪು, ಹಸಿರು, ಜೇನಿನ ಬಣ್ಣದ ಗಾಜಿನ ಬಳೆಗಳು. ಸಂಗುವಿನ ಕೈಯನ್ನು ಮಂಡಿಗಳ ನಡುವಿನಿಂದ ಎಳೆದುಕೊಂಡರು. ಗಿರಾಕಿಯ ಕೈ ಹಿಡಿಯುವಂತೆಯೇ ಹೆಬ್ಬೆರಳಿನ ಬುಡ ಒತ್ತಿ ಅಳತೆ ನೋಡಿದರು. ಜೇನು ಬಣ್ಣದ್ದನ್ನು ಆರಿಸಿದರು. ಸಂಗುವಿನ ಕೈ ಮುಷ್ಟಿ ಕಟ್ಟಿತ್ತು.

‘ಸಡ್ಲ ಬಿಡು’ ಅಂದರು ಅವ್ವ. ‘ಹಿಂಗ ಬಿಗಿ ಹಿಡದರ ಒಡಿತಾವ.’

ಸಂಗು ಕೈ ಸಡಿಲ ಬಿಟ್ಟರು. ಕಣ್ಣಲ್ಲಿ ನೀರು, ಮೀಸೆಯ ಕೆಳಗೆ ನಗು. ಒಂದು ಬಳೆಯೂ ಒಡೆಯಲಿಲ್ಲ.

ಬಸ್ಸು ತಪ್ಪುತ್ತದೆ ಅಂತ ಅವ್ವ ಗಂಟು ಎತ್ತಿಕೊಂಡು ಹೊರಟರು. ಬಾಗಿಲಲ್ಲಿ ನಿಂತು ನನಗೆ ತಾಕೀತು ಮಾಡಿದರು. ‘ದೀಪಾವಳಿಗೆ ಬರ್ತೀನಿ. ಕೈ ಇರಬೇಕು ಮತ್ತ.’

ನಿನ್ನೆ ಅಬಿಡ್ಸ್‌ಗೆ ಹೋಗಿ ದೊಡ್ಡ ಕ್ಯಾನ್ವಾಸ್ ತಂದೆ. ಡಬ್ಬಿಗಳನ್ನು ಖಾಲಿ ಮಾಡಿ ಚೀಟಿ ಕಿತ್ತೆಸೆದಿದ್ದೇನೆ. (ಫ್ರಿಜ್‌ನಲ್ಲಿ ಜಾಗವಾಯಿತು ಅಂತ ರೂಮ್‌ಮೇಟಿಗೂ ಖುಷಿ.) ಅಬಿಡ್ಸ್‌ನಿಂದ ಹೊರಡುವ ಮುಂಚೆ ಮಾಸ್ಟರ್ ಸಾಬರಿಗೆ ಒಂದು ಪ್ರಶ್ನೆ ಹಾಕಿ ಬಂದೆ, ಅವರಿನ್ನೂ ಯೋಚಿಸುತ್ತಿದ್ದಾರೆ: ಗಾಜಿನ ಬಳೆಯ ಹೊಳಪು ಯಾವ ಡಬ್ಬಿಯಲ್ಲಿ ಸಿಗುತ್ತದೆ?